ಹೋಬಳಿ ಶಾಲೆಗೂ ಒಂದು ದೈವಕರೆ

ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿಗೆ ಐದು ಹೋಬಳಿ: ಕಸಬಾ, ಬೆಳ್ಳೂರು, ಬಿಂಡಿಗನವಿಲೆ, ದೇವಲಾಪುರ, ಹೊಣಕೆರೆ. ಹೊಣಕೆರೆಯ ಹೆಸರು ಹೇಳಿದರೆ ಯಾರಿಗೂ ಇಗರ್ಜಿಯಾಗಲಿ ಮಿಷನ್ ಶಾಲೆಯಾಗಲಿ ನೆನಪಿಗೆ ಬರುವುದಿಲ್ಲ. ರಾಗಿ, ಹುರುಳಿ, ತೆಂಗು, ಮಳೆಯನ್ನೇ ನೆಚ್ಚಿದ ಕೆರೆ, ಬೆಂಗಳೂರಿಗೆ ದುಡಿಯಲು ಹೋದ ಮಕ್ಕಳು, ಅವರ ಮಕ್ಕಳನ್ನು ಸಾಕುತ್ತಿರುವ ಅಜ್ಜಿಯರು: ಆ ಸೀಮೆ ಎಂದರೆ ಇಷ್ಟು. ಶಾಲೆಯಲ್ಲಿ ಪಾಠ ಹೇಳುವುದು ಕ್ರೈಸ್ತರೊಬ್ಬರಿಗೆ ದೈವಕರೆಯಾಗಬಲ್ಲದೆ, ಅಂದರೆ ಪಾದ್ರಿಯಾಗುವುದಕ್ಕೆ, ಸಿಸ್ಟರ್ ಆಗುವುದಕ್ಕೆ ಸಮನಾದ ಬಾಳಿನ ದಾರಿಯಾಗಬಲ್ಲದೆ ಎಂಬ ಪ್ರಶ್ನೆಯನ್ನು ಕನ್ನಡನಾಡಿನಲ್ಲಿ ಕೇಳಬೇಕಾದರೆ ಇಂಥ ಹೋಬಳಿಯಿಂದಲೇ ಹೊರಡಬೇಕು ಎಂದು ನನಗೆ ಅನ್ನಿಸುತ್ತದೆ. ಅದಕ್ಕೆ ಇತಿಹಾಸದಲ್ಲೇ ಒಂದು ಕಾರಣವಿದೆ.

ಮೈಸೂರು ಸೀಮೆಯಲ್ಲಿ ಹೋಬಳಿಗೊಂದು ಸರ್ಕಾರಿ ಶಾಲೆ ಇರಬೇಕು ಎಂಬ ಯೋಜನೆ ರೂಪುಗೊಂಡದ್ದು 1868ರಲ್ಲಿ. ಅದನ್ನು ರೂಪಿಸಿದವರು ಬಿ. ಎಲ್. ರೈಸ್. ಶಾಸನಗಳ ರೈಸ್ ಎಂದೇ ನಾವು ಅವರನ್ನು ಬಲ್ಲೆವು. ಲಂಡನ್ ಮಿಷನ್ನಿನ ಪಾದ್ರಿ ಬೆಂಜಮಿನ್ ರೈಸ್ ಅವರ ಮಗನಾಗಿ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಅವರು, ಇಂಗ್ಲೆಂಡಿನಲ್ಲಿ ಓದಿ 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಮರಳಿ ಬಂದರು. ಆಮೇಲೆ ಶಾಲಾ ಇನ್‌ಸ್ಪೆಕ್ಟರ್ ಆಗಿ ಊರೂರು ಸುತ್ತಿದರು. ಹೋಬಳಿ ಶಾಲೆಯ ಯೋಜನೆಯಲ್ಲಿ ನನಗೆ ಹಿಡಿಸುವುದು ಅದರ ವಿವೇಕ. ಹೊರಗಿನಿಂದ ಮೇಷ್ಟ್ರನ್ನು ತಂದು ಹೇರಲಿಲ್ಲ. ಕೂಲಿಮಠ ನಡೆಸುತ್ತಿದ್ದ, ಊರವರು ಒಪ್ಪಿದ ಮೇಷ್ಟ್ರನ್ನೇ ಆರಿಸಿ, ನಾರ್ಮಲ್ ಸ್ಕೂಲಿನಲ್ಲಿ ತರಬೇತಿ ಕೊಟ್ಟು, ಅದೇ ಊರಿಗೆ ವಾಪಸ್ ಕಳಿಸುವುದು ಅದರ ಕ್ರಮ. ಇದೇ ರೈಸ್ 1898ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ನಾಗಮಂಗಲ, ಕೃಷ್ಣರಾಜಪೇಟೆ ತಾಲ್ಲೂಕುಗಳ ಶಾಸನಗಳಿವೆ. ಅವರ ತಂದೆ ಬೈಬಲ್ ಹಿಡಿದು ಸುವಾರ್ತೆ ಸಾರಲು ಬಂದವರು. ಮಗ ಸರ್ಕಾರಿ ನೌಕರಿಯಲ್ಲಿದ್ದು ಮತದ ಮಾತೆತ್ತದೆ ಹಳ್ಳಿ ಹಳ್ಳಿಗೆ ಅಕ್ಷರ ತಲುಪಿಸಲು ದುಡಿದರು. ಇಬ್ಬರಲ್ಲಿ ಕರೆಗೆ ಓಗೊಟ್ಟವರು ಯಾರು? ಇಬ್ಬರೂ ಎನ್ನುವವನು ನಾನು. ಆದರೆ ನಮ್ಮ ಸಭೆಗಳಲ್ಲಿ ಮೊದಲನೆಯವರನ್ನು ಮಾತ್ರ ಮಿಷನರಿ ಎಂದು ಎಣಿಸುವ ರೂಢಿ ಈಗಲೂ ಹೋಗಿಲ್ಲ.

ಈ ಸೀಮೆಗೆ ಕ್ರೈಸ್ತಧರ್ಮ ಹೊಸದೇನಲ್ಲ. ಇಟಲಿಯ ಜೆಸ್ವಿತ್ ಪಾದ್ರಿ ಲಿಯೊನಾರ್ದೊ ಚಿನ್ನಾಮಿ 17ನೇ ಶತಮಾನದ ನಡುವಿನಲ್ಲೇ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತಿದ್ದರು. ಪಟ್ಟಣದ ಪಕ್ಕದ ಪಾಲಹಳ್ಳಿಯ ಕ್ರೈಸ್ತ ನೆಲೆಯೂ ಹಳೆಯದು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಬಂದ ಫ್ರೆಂಚ್ ಪಾದ್ರಿ ಆಬೆ ದುಬ್ವಾ ಗಂಜಾಮಿನಲ್ಲಿ ಇಗರ್ಜಿ ಕಟ್ಟಿಸಿದರು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆಯುತ್ತಿದ್ದರು. ಸಿಡುಬಿಗೆ ದೇವಿ ಹಾಕಿಸಿದ್ದು, ಬಡ ಕ್ರೈಸ್ತರಿಗೆ ಹಾಸನದ ಬಳಿಯ ಸಾತಳ್ಳಿಯಲ್ಲಿ ಬೇಸಾಯದ ನೆಲೆ ಮಾಡಿಕೊಟ್ಟದ್ದು ಅವರ ದೊಡ್ಡ ಕೆಲಸಗಳು. 1823ರಲ್ಲಿ ಭಾರತ ಬಿಟ್ಟು ಹೊರಟಾಗ, ಇಲ್ಲಿನವರನ್ನು ಕ್ರೈಸ್ತರನ್ನಾಗಿಸುವ ಆಸೆಯನ್ನೇ ಅವರು ಕಳೆದುಕೊಂಡಿದ್ದರು. ಇಗರ್ಜಿ, ಔಷಧಿ, ಬೇಸಾಯ ಇವೆಲ್ಲ ಅವರ ಹೆಸರಿನೊಂದಿಗೆ ನೆನಪಾಗುತ್ತವೆ, ಶಾಲೆ ಆಗುವುದಿಲ್ಲ. ಅಕ್ಷರ ಹೇಳಿಕೊಡುವುದೇ ಒಂದು ಆರಾಧನೆ ಎಂಬ ಭಾವನೆ ಈ ನಾಡಿನಲ್ಲಿ ಬಲವಾಗಿ ಬೇರೂರಿದ್ದು ದುಬ್ವಾ ಕಾಲದಿಂದೀಚೆಗೆ.

ಯೂರೋಪಿನಲ್ಲಿ ಆ ಭಾವನೆ ಹಳೆಯದು. ತಾನು ಬೋಧಕನಾಗಿರದಿದ್ದರೆ ಶಾಲಾ ಮೇಷ್ಟ್ರಾಗುವುದನ್ನೇ ಆರಿಸಿಕೊಳ್ಳುತ್ತಿದ್ದೆ ಎಂಬರ್ಥದ ಮಾತನ್ನು ಮಾರ್ಟಿನ್ ಲೂಥರ್ 1530ರಲ್ಲೇ ಬರೆದಿದ್ದರು. 1597ರಲ್ಲಿ ರೋಮ್ ನಗರದಲ್ಲಿ ಜೋಸೆಫ್ ಕಲಸಾಂಜ್ ಬಡಮಕ್ಕಳಿಗೆ ಬಿಟ್ಟಿ ಶಾಲೆ ತೆರೆದರು. ಒಂದು ಶತಮಾನದ ಬಳಿಕ ಫ್ರಾನ್ಸಿನ ಜಾನ್ ಬ್ಯಾಪ್ಟಿಸ್ಟ್ ದ ಲಾಸಾಲ್ ಗುರುಪಟ್ಟವಿಲ್ಲದ, ಪಾಠ ಹೇಳುವುದನ್ನೇ ವ್ರತವಾಗಿ ತೊಟ್ಟ ಸಹೋದರರ ಸಭೆಯನ್ನು ಕಟ್ಟಿದರು. ಮಕ್ಕಳಿಗೆ ಲ್ಯಾಟಿನ್ ಬದಲು ಅವರ ಮನೆಮಾತಿನಲ್ಲೇ ಓದು ಕಲಿಸಬೇಕೆಂದು ಹಟ ಹಿಡಿದರು. ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆ ಇದಕ್ಕೊಂದು ಎಚ್ಚರಿಕೆಯನ್ನೂ ಸೇರಿಸುತ್ತದೆ: ಬೋಧಕರಾಗಲು ಬಹಳ ಮಂದಿ ಮುಂದೆ ಬರಬೇಡಿ, ಬೋಧಿಸುವವರಿಗೆ ತೀರ್ಪು ಇನ್ನೂ ಬಿಗಿಯಾಗಿರುತ್ತದೆ ಎಂಬುದು ಅದರ ಸಾರ. ಈ ಎಚ್ಚರಿಕೆಯನ್ನು ನಾವು ಸಾಕಷ್ಟು ಓದಿಲ್ಲ.

ಕನ್ನಡನಾಡಿಗೆ ಆ ಭಾವನೆಯನ್ನು ತಂದವರಲ್ಲಿ ಮೊದಲಿಗರು ಬಳ್ಳಾರಿಯಲ್ಲಿ 1810ರಿಂದ ನೆಲೆಸಿದ ಮಿಷನರಿ ಜಾನ್ ಹ್ಯಾಂಡ್ಸ್. ಕನ್ನಡ ಬೈಬಲ್ ಅವರ ಶ್ರಮದಿಂದ 1831ರಲ್ಲಿ ಪೂರ್ತಿಯಾಯಿತು. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಹತ್ತು ವರ್ಷ ತುಂಬುವ ಮೊದಲೇ ಅಲ್ಲಿ ಕನ್ನಡ ಶಾಲೆ, ಇಂಗ್ಲಿಷ್ ಶಾಲೆ ಎರಡೂ ನಡೆಯುತ್ತಿದ್ದವು, ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಿಗೂ ಕೆಲಸ ಹಬ್ಬಿತ್ತು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಹೊರಡಿಸಿದ್ದು ಎಲ್ಲರಿಗೂ ಗೊತ್ತು. ಅವರ ದಿನದ ಬಹುಭಾಗ ಹುಡುಗರಿಗೆ ಪಾಠ ಹೇಳುವುದರಲ್ಲಿ ಕಳೆಯುತ್ತಿತ್ತೆಂಬುದು ಅಷ್ಟಾಗಿ ಗೊತ್ತಿಲ್ಲ. ಹಳೇ ಮೈಸೂರಿನ ಪಾಲಿಗೆ ಬಂದವರು ವೆಸ್ಲಿಯನ್ನರು. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಮೈಸೂರಿನಲ್ಲಿ ತೆರೆದ ಇಂಗ್ಲಿಷ್ ಶಾಲೆ ಕೆಲವು ಕಾಲ ಅವರ ಉಸ್ತುವಾರಿಯಲ್ಲಿತ್ತು; ಮುಂದೆ ಅದೇ ಮಹಾರಾಜಾ ಕಾಲೇಜಾಗಿ ಬೆಳೆಯಿತು. ವೆಸ್ಲಿಯನ್ ಮಿಷನರಿಯಾಗಿ ಬಂದ ಜಾನ್ ಗ್ಯಾರೆಟ್ ಮುಂದೆ ಮೈಸೂರಿನ ಶಿಕ್ಷಣ ಇಲಾಖೆಗೇ ಮುಖ್ಯಸ್ಥರಾದರು. ಅವರು 1840ರ ದಶಕದಲ್ಲಿ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಬೆಂಗಳೂರಿನ ಮಿಷನ್ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದ್ದರು. ಕುವೆಂಪು ಓದಿದ್ದು ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲಿನಲ್ಲಿ.

ಇಷ್ಟು ಹೇಳಿ ಸುಮ್ಮನಾದರೆ ಅರ್ಧ ಮುಚ್ಚಿಟ್ಟಂತೆ. 1844ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಮತ್ತು ಅವರ ಇಬ್ಬರು ಗೆಳೆಯರು ದೀಕ್ಷಾಸ್ನಾನ ಪಡೆದರು. ಊರು ಸಿಡಿದೆದ್ದಿತು, ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಕೌಂಡಿನ್ಯರ ಪಾಲಿಗೆ ಅದು ಮನಃಪೂರ್ವಕವಾದ ಆಯ್ಕೆ. ಅವರು ಬಾಸೆಲ್‌ನಲ್ಲಿ ಓದಿ ಪಾದ್ರಿಯಾಗಿ ಮರಳಿ ಬಂದು ಕೊನೆಯವರೆಗೂ ದುಡಿದರು. ಆದರೆ ತಂದೆತಾಯಿಯರ ಪಾಲಿಗೆ ಅದು ನಂಬಿಕೆಗೆ ಬಿದ್ದ ಪೆಟ್ಟು. ಓದು ಕಲಿಯಲೆಂದು ಕಳಿಸಿದ ಮಗ ಬೇರೆಯವನಾಗಿ ಬಂದ ಎಂಬ ನೋವು ಅವರದು. ಈ ಇಕ್ಕಟ್ಟನ್ನು ಕುವೆಂಪು ಮಲೆಗಳಲ್ಲಿ ಮದುಮಗಳು ಕಾದಂಬರಿಯ ಪಾದ್ರಿ ಜೀವರತ್ನಯ್ಯನ ಪಾತ್ರದಲ್ಲಿ ತೋರಿಸಿದ್ದಾರೆ. ಅಲ್ಲಿ ಶಾಲೆ, ಬೈಸಿಕಲ್ಲು, ಹೊಸ ಕಾಲದ ಗಾಳಿ, ಮತಾಂತರದ ಆಸೆ ಎಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ. ಯಾವುದು ಎಲ್ಲಿ ಮುಗಿಯಿತೆಂದು ಹೇಳಲಾಗುವುದಿಲ್ಲ. ಮಗುವಿಗೆ ಅಕ್ಷರ ಕಲಿಸುವುದನ್ನು ಇನ್ನೊಂದು ಗುರಿಗೆ ಮೆಟ್ಟಿಲು ಮಾಡಿಕೊಂಡಲ್ಲೆಲ್ಲ ಮಿಷನ್ ಶಾಲೆ ಸೋತಿತು ಎಂದೇ ನನ್ನ ಅಭಿಪ್ರಾಯ. ಅಕ್ಷರ ಕಲಿಸುವುದನ್ನೇ ಪ್ರೀತಿಯ ಪೂರ್ಣ ಕೆಲಸವೆಂದು ಕಂಡಲ್ಲೆಲ್ಲ ಗೆದ್ದಿತು. ಹಾಗೆ ಗೆದ್ದ ಕಡೆ ಉಳಿದದ್ದು ಕಟ್ಟಡವಷ್ಟೇ ಅಲ್ಲ: ಕಿಟ್ಟೆಲರ ನಿಘಂಟು, ಶಾಲೆ ಮಕ್ಕಳ ಪದ್ಯ ಸಂಕಲನಗಳು, ಅಚ್ಚುಕಟ್ಟಾದ ಕನ್ನಡ ಮುದ್ರಣ.

ಇನ್ನೊಂದು ಅನ್ಯಾಯವೂ ಇದೆ. ಈ ಇತಿಹಾಸ ಬರೆಯುವವರೆಲ್ಲ ಜರ್ಮನ್, ಇಂಗ್ಲಿಷ್ ಹೆಸರುಗಳನ್ನೇ ಬರೆಯುತ್ತಾರೆ. ದಿನವೂ ಹಲಗೆಯ ಮುಂದೆ ನಿಂತವರು ಊರಿನವರೇ ಆದ ಉಪದೇಶಿಗಳು ಮತ್ತು ಮೇಷ್ಟ್ರುಗಳು. ವಾರದ ಆರು ದಿನ ಮಗ್ಗಿ, ಕಾಗುಣಿತ, ಕೈಬರಹ, ಭಾನುವಾರ ಆರಾಧನೆ, ಸಂಬಳ ಅಲ್ಪ. ಮೇಲ್ಜಾತಿಯವರು ತಮ್ಮ ಮಕ್ಕಳ ಪಕ್ಕದಲ್ಲಿ ಕೂರಿಸಲು ಒಪ್ಪದ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಿದವರಲ್ಲಿ ಅವರು ಮುಂಚೂಣಿಯವರು. ಎಲ್ಲ ಜಾತಿಯ ಮಕ್ಕಳಿಗೂ ಸರ್ಕಾರಿ ಶಾಲೆಯ ಬಾಗಿಲು ತೆರೆಯಬೇಕೆಂಬ ಆಜ್ಞೆ ಮೈಸೂರಿನಲ್ಲಿ ಹೊರಟದ್ದು ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 20ನೇ ಶತಮಾನದ ಎರಡನೇ ದಶಕದಲ್ಲಿ. ಅದಕ್ಕೂ ಎಷ್ಟೋ ಮೊದಲು ಮಿಷನ್ ಶಾಲೆಗಳು ಆ ಮಕ್ಕಳನ್ನು ಒಳಗೆ ಕರೆದಿದ್ದವು. 1914ರಲ್ಲಿ ಮಹಾಯುದ್ಧ ಶುರುವಾಗಿ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟು, ಆಮೇಲೆ ದೇಶದಿಂದ ಕಳಿಸಿದಾಗ ಶಾಲೆಗಳನ್ನು ನಡೆಸಿಕೊಂಡು ಹೋದವರಲ್ಲಿ ಈ ಮೇಷ್ಟ್ರುಗಳೇ ಹೆಚ್ಚು. ಅವರ ಹೆಸರು ಹೇಳುವ ಕಲ್ಲು ಎಷ್ಟು ಕಡೆ ಇದೆ? ಬಾಸೆಲ್ ಮಿಷನ್ ಪರಂಪರೆಯಲ್ಲೇ ಬೆಳೆದ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ವಚನಗಳನ್ನು ಊರೂರಲ್ಲಿ ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿ, 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅಂಥ ಒಬ್ಬರ ಹೆಸರು ಉಳಿಯಿತು. ಉಳಿದವರದು ರಿಜಿಸ್ಟರಿನಲ್ಲಿ ಮಾಸಿ ಹೋಯಿತು.

ಕಥೋಲಿಕರ ದಾರಿ ಬೇರೆ. 1870ರಲ್ಲಿ ಮಂಗಳೂರಿಗೆ ಬಂದ ಕಾರ್ಮೆಲ್ ಸಿಸ್ಟರುಗಳು ಸಂತ ಆ್ಯನ್ಸ್ ಶಾಲೆ ಹಿಡಿದರು, 1880ರಲ್ಲಿ ಜೆಸ್ವಿತರು ಸಂತ ಅಲೋಶಿಯಸ್ ತೆರೆದರು, 1882ರಲ್ಲಿ ಬೆಂಗಳೂರಿನಲ್ಲಿ ಫ್ರೆಂಚ್ ಪಾದ್ರಿಗಳ ಸಂತ ಜೋಸೆಫ್ ಬಂತು. ಹೆಣ್ಣುಮಕ್ಕಳ ಓದಿಗೆ ಈ ಸಿಸ್ಟರುಗಳು ಮಾಡಿದ ಉಪಕಾರ ದೊಡ್ಡದು. 1921ರಲ್ಲಿ ಮಂಗಳೂರಿನಲ್ಲಿ ಸಂತ ಆ್ಯಗ್ನೆಸ್ ಮಹಿಳಾ ಕಾಲೇಜು ಶುರುವಾದಾಗ ಇಡೀ ಕನ್ನಡನಾಡಿನಲ್ಲಿ ಅಂಥವು ಬೆರಳೆಣಿಕೆಯಷ್ಟೂ ಇರಲಿಲ್ಲ. ಮದುವೆ, ಆಸ್ತಿ, ಸ್ವಂತದ ಮನೆ ಎಲ್ಲ ತೊರೆದು ಮೂವತ್ತು ನಲವತ್ತು ವರ್ಷ ಬೇರೆಯವರ ಮಕ್ಕಳಿಗೆ ಪಾಠ ಹೇಳುವ ಬದುಕನ್ನು ಹಗುರವಾಗಿ ಕಾಣುವವರ ಜೊತೆ ನಾನು ವಾದ ಮಾಡಲೂ ಸಿದ್ಧನಿಲ್ಲ.

ಆದರೆ ಸ್ವಾತಂತ್ರ್ಯಾನಂತರ ಏನಾಯಿತು? ಕ್ರೈಸ್ತ ಶಾಲೆ ಎಂದರೆ ಪಟ್ಟಣದ, ಇಂಗ್ಲಿಷ್ ಮಾಧ್ಯಮದ, ಫೀಸು ಕಟ್ಟುವ ಶಾಲೆ ಎಂದಾಯಿತು. ಜಿಲ್ಲಾ ಕೇಂದ್ರಕ್ಕೆ ಬಂತು, ತಾಲ್ಲೂಕು ಕೇಂದ್ರಕ್ಕೆ ಬಂತು, ಹೋಬಳಿಗೆ ಬರುವ ಮೊದಲೇ ಉಸಿರು ಕಟ್ಟಿತು. ಮಂಡ್ಯಕ್ಕೆ 2010ರಲ್ಲಿ ಸಿರೊ ಮಲಬಾರ್ ಸಭೆಯ ಪ್ರತ್ಯೇಕ ಧರ್ಮಪ್ರಾಂತ್ಯವೇ ಬಂದಿದೆ; ಶಾಲೆ ನಡೆಸುವ ಸಭೆಗಳಿಗೆ ಈ ಜಿಲ್ಲೆಯಲ್ಲಿ ಕೊರತೆಯಿಲ್ಲ. ನಾಲೆಯ ನೀರು ಹರಿಯುವ ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಕಬ್ಬಿನ ದುಡ್ಡು ಬಂದ ವರ್ಷ ಮಕ್ಕಳನ್ನು ವ್ಯಾನು ಹತ್ತಿಸಿ ಇಂಥ ಶಾಲೆಗೆ ಕಳಿಸುವ ರೈತರಿದ್ದಾರೆ. ಮಳೆ ನಂಬಿದ ನಾಗಮಂಗಲದ ಒಳಹಳ್ಳಿಯ ಕೂಲಿಯವನ ಮಗುವಿಗೆ ಆ ವ್ಯಾನಿನಲ್ಲಿ ಸೀಟಿಲ್ಲ. ಲಾಸಾಲ್ ಕಟ್ಟಿದ್ದು ಫೀಸು ಕಟ್ಟಲಾಗದವರ ಶಾಲೆ ಎಂಬುದನ್ನು ನಾವು ಮರೆಯಬಾರದಿತ್ತು.

ನಾಗಮಂಗಲ ತಾಲ್ಲೂಕಿನಲ್ಲೇ ಹೋಲಿಸಿ ನೋಡಲು ಒಂದು ದೊಡ್ಡ ಉದಾಹರಣೆ ಇದೆ. 1974ರಲ್ಲಿ ಆದಿಚುಂಚನಗಿರಿ ಪೀಠಕ್ಕೆ ಬಂದ ಬಾಲಗಂಗಾಧರನಾಥ ಸ್ವಾಮೀಜಿ, ಮಠದ ಶಿಕ್ಷಣ ಟ್ರಸ್ಟಿನ ಮೂಲಕ ಪ್ರಾಥಮಿಕ ಶಾಲೆಯಿಂದ ವೈದ್ಯಕೀಯ ಕಾಲೇಜಿನವರೆಗೆ ನೂರಾರು ಸಂಸ್ಥೆಗಳನ್ನು ಕಟ್ಟಿದರು. ಕುರುಡು ಮಕ್ಕಳಿಗೆ ವಸತಿ ಶಾಲೆ ಮಾಡಿದರು. ಒಕ್ಕಲು ಮಕ್ಕಳ ಒಂದು ತಲೆಮಾರೇ ಅಲ್ಲಿ ಓದಿ ಹೊರಬಂದಿದೆ. ಅನ್ನ, ಅಕ್ಷರ ಎರಡನ್ನೂ ಧರ್ಮಕಾರ್ಯವೆಂದು ಕಾಣುವುದಕ್ಕೆ ಕ್ರೈಸ್ತರೇ ಆಗಬೇಕಿಲ್ಲ ಎಂಬುದು ಈ ಸೀಮೆಯ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಿದ್ದಮೇಲೆ ಕ್ರೈಸ್ತ ಮೇಷ್ಟ್ರ ವಿಶೇಷವೇನು? ಸಂಸ್ಥೆ ಕಟ್ಟುವುದರಲ್ಲಿ ಅದನ್ನು ಹುಡುಕಿದರೆ ಸಿಗದು. ತನ್ನದಲ್ಲದ ಶಾಲೆಯಲ್ಲಿ, ತನ್ನ ಸಭೆಯ ಹೆಸರಿಲ್ಲದ ಕಡೆ, ತನ್ನ ಮತದವರಲ್ಲದ ಮಕ್ಕಳ ಮುಂದೆ, ಮತದ ಮಾತನ್ನೇ ಆಡದೆ ಪೂರ್ತಿ ಮನಸ್ಸಿಟ್ಟು ಪಾಠ ಹೇಳುವುದರಲ್ಲಿ ಇರಬಹುದು ಎಂದು ನನಗೆ ತೋರುತ್ತದೆ.

ಮತದ ಮಾತನ್ನೇ ಆಡದೆ ಎಂದೆ. ಅದು ಕಾನೂನಿನ ಮಾತೂ ಹೌದು. ಸಂವಿಧಾನದ 28ನೇ ವಿಧಿ, ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಯಲ್ಲಿ ಮತಬೋಧನೆ ಕೂಡದೆನ್ನುತ್ತದೆ; ಅನುದಾನಿತ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಅದಕ್ಕೆ ಕೂರಿಸುವಂತಿಲ್ಲ ಎನ್ನುತ್ತದೆ. 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಡುತ್ತದೆ. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದೆಂದಿತು. ಬಡಮಕ್ಕಳಿಗೆ ಮೀಸಲಿಡಬೇಕಾದ ಕಾಲುಭಾಗದ ಸೀಟುಗಳ ಹೊಣೆ ಹಾಗೆ ತಪ್ಪಿತು. ಕನ್ನಡ ಮಾಧ್ಯಮ ಕಡ್ಡಾಯವಲ್ಲ ಎಂಬ ತೀರ್ಪು ಬಂದದ್ದೂ ಅದೇ ದಿನ. 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಇನ್ನೊಂದು ಪೀಠ ಆ ವಿನಾಯಿತಿ ಸರಿಯೇ ಎಂದು ಕೇಳಿ ವಿಷಯವನ್ನು ಮತ್ತೆ ಪರಿಶೀಲನೆಗೆ ಕಳಿಸಿದೆ. ಹಕ್ಕನ್ನು ಕಾಪಾಡಿಕೊಳ್ಳಬೇಕು, ಒಪ್ಪುವೆ. ಆದರೆ ಬಡವರ ಮಗುವಿಗೆ ಸೀಟು ಕೊಡಲು ಕ್ರೈಸ್ತ ಶಾಲೆಗೆ ಕೋರ್ಟಿನ ಆಜ್ಞೆ ಬೇಕಾಗಬಾರದು. 2022ರಲ್ಲಿ ಬೆಂಗಳೂರಿನ ಒಂದು ಶಾಲೆ ಎಲ್ಲ ಮಕ್ಕಳೂ ಬೈಬಲ್ ತರಬೇಕೆಂದು ಹೇಳಿತೆಂಬ ದೂರು ಎದ್ದಾಗ ನಡೆದ ಗದ್ದಲದಲ್ಲಿ ಎರಡೂ ಕಡೆಯವರು ಜೋರಾಗಿ ಮಾತಾಡಿದರು. ಒಪ್ಪಿಗೆಯಿಲ್ಲದ ಮಗುವಿನ ಕೈಗೆ ಕೊಟ್ಟ ಬೈಬಲ್ಲಿನಿಂದ ಯೇಸುವಿಗೆ ಗೌರವ ಬರುವುದಿಲ್ಲ ಎಂದು ಆಗಲೇ ಸಭೆಯ ಹಿರಿಯರು ಬಾಯಿಬಿಟ್ಟು ಹೇಳಬೇಕಿತ್ತು.

ಸಂಬಳದ ವಿಷಯಕ್ಕೆ ಬರೋಣ. ಕರೆಯ ಮಾತು ಇಲ್ಲೇ ಹೆಚ್ಚು ದುರುಪಯೋಗವಾಗುವುದು. ಅನುದಾನಿತ ಶಾಲೆಯಲ್ಲಿ ಕೆಲಸ ಮಾಡುವ ಸಿಸ್ಟರ್ ಅಥವಾ ಫಾದರ್ ಬಡತನದ ವ್ರತ ತೊಟ್ಟವರಾದ್ದರಿಂದ ಸಂಬಳ ಪೂರ್ತಿ ಅವರ ಸಭೆಗೆ ಸೇರುತ್ತದೆ. ಆ ಸಂಬಳಕ್ಕೂ ಆದಾಯ ತೆರಿಗೆ ಹಿಡಿಯಬೇಕು ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾನೂನಿನ ಕಣ್ಣಿಗೆ ಆಕೆ ಸಂಬಳ ಪಡೆಯುವ ನೌಕರಳು. ಸಭೆಯ ಕಣ್ಣಿಗೆ ವ್ರತಸ್ಥೆ. ಎರಡೂ ನಿಜ. ಆದರೆ ಅದೇ ಆವರಣದ ಅನುದಾನರಹಿತ ವಿಭಾಗದಲ್ಲಿ ಸಂಸಾರಸ್ಥ ಮೇಡಂ ಒಬ್ಬರು ಪಾಠ ಹೇಳುತ್ತಿರುತ್ತಾರೆ. ಮನೆ ಬಾಡಿಗೆ, ಅತ್ತೆಯ ಔಷಧಿ, ಮಕ್ಕಳ ಫೀಸು ಎಲ್ಲ ಅವರ ತಲೆಯ ಮೇಲೆ. ಸಂಬಳ ಹೆಚ್ಚಿಸಿ ಎಂದು ಕೇಳಿದರೆ, ಇದು ಸೇವೆಯಲ್ಲವೇ ಮೇಡಂ ಎಂಬ ಉತ್ತರ ಸಿಗುವ ಕಡೆಗಳಿವೆ. ವ್ರತ ತೊಟ್ಟವರು ತಮ್ಮ ಇಚ್ಛೆಯಿಂದ ಬಿಟ್ಟದ್ದನ್ನು ವ್ರತ ತೊಡದವರಿಂದ ಕಿತ್ತುಕೊಳ್ಳುವುದು ಸೇವೆಯಲ್ಲ, ಕೂಲಿಗೆ ಮಾಡುವ ಮೋಸ. ಕೂಲಿಯವನ ಕೂಲಿ ತಡೆಹಿಡಿದವರ ಬಗ್ಗೆ ಅದೇ ಯಾಕೋಬನ ಪತ್ರಿಕೆ ಎಷ್ಟು ಕಟುವಾಗಿದೆ ಎಂಬುದನ್ನು ಆಡಳಿತ ಮಂಡಳಿಗಳು ಓದಿಕೊಳ್ಳಲಿ.

ಈಗ ಒಂದು ಹೋಬಳಿ ಶಾಲೆಯ ಬೆಳಗ್ಗೆಯನ್ನು ನೋಡಿ. ಬಿಸಿಹಾಲು ಕುಡಿದು ಲೋಟ ತೊಳೆದಿಟ್ಟು ಮಕ್ಕಳು ಒಳಗೆ ಬಂದಿದ್ದಾರೆ. ಚಿಕ್ಕವರು ನಲಿಕಲಿ ಕಾರ್ಡು ಹಿಡಿದು ಗುಂಪು ತಟ್ಟೆಗಳ ಸುತ್ತ ಕೂತಿದ್ದಾರೆ. 1990ರ ದಶಕದಲ್ಲಿ ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಐದನೇ ತರಗತಿಯ ಹುಡುಗನೊಬ್ಬ ಓದುತ್ತಿದ್ದಾನೆ. ಸಂತೆ ಎಂದು ಸಲೀಸಾಗಿ ಓದಿದವನು ರಾಷ್ಟ್ರ ಬಂದಾಗ ನಿಂತ. ಮೂರು ವ್ಯಂಜನ ಒಂದರ ಕೆಳಗೊಂದು ಕೂತದ್ದನ್ನು ನೋಡಿ ಕಣ್ಣು ಕೆಳಗೆ ಹಾಕಿದ. ಮೇಡಂ ಪುಸ್ತಕ ಮುಚ್ಚಿಸಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಷ ಬರೆದು, ಅದರ ಕೆಳಗೆ ಟ ಒತ್ತು, ಪಕ್ಕದಲ್ಲಿ ರ ಒತ್ತು, ಒಂದೊಂದಾಗಿ ಕೂಡಿಸಿ ಬಾಯಲ್ಲಿ ಹೇಳಿಸುತ್ತಾರೆ. ಹಾಲು ಎನ್ನುವ ಕಡೆ ಆಲು ಎಂದಾಗ ಮಿಕ್ಕವರು ನಗದಂತೆ ಕಣ್ಣಲ್ಲೇ ಗದರುತ್ತಾರೆ, ಏಕೆಂದರೆ ಅವನ ಮನೆಯಲ್ಲಿ ಎಲ್ಲರೂ ಆಡುವುದು ಹಾಗೇ. ಮಧ್ಯಾಹ್ನ ಊಟಕ್ಕೆ ಮೊದಲು, ಮೂರು ದಿನದಿಂದ ಬಾರದ ಹುಡುಗಿಯ ಅಜ್ಜಿಗೆ ಫೋನು ಮಾಡುತ್ತಾರೆ. ಕಳ್ಸಿ ಅಜ್ಜಿ, ಕುರಿ ಸಾಯಂಕಾಲ ಕಾಯ್ಲಿ, ನಾನೇ ಹೇಳ್ತೀನಿ ಅವಳಿಗೆ ಎನ್ನುತ್ತಾರೆ. ಈ ಮೇಡಂ ಯಾವ ಮತದವರು ಎಂದು ಈ ಕೆಲಸದಿಂದ ಯಾರೂ ಕಂಡುಹಿಡಿಯಲಾರರು. ಅವರು ಕ್ರೈಸ್ತರಾಗಿದ್ದರೆ ಮನೆಯಲ್ಲಿ ಪ್ರಾರ್ಥನೆ ಮಾಡುವಾಗ ಆ ಹುಡುಗನ ಹೆಸರು ಹೇಳುತ್ತಾರೆ. ಶಾಲೆಗೆ ಅದು ಗೊತ್ತಾಗಬೇಕಿಲ್ಲ.

ಬೆಳ್ಳೂರಿನ ಮನೆತನದ ಬಿ. ಎಂ. ಶ್ರೀಕಂಠಯ್ಯನವರು, ತಾವೂ ಮೇಷ್ಟ್ರೇ, ಇಂಗ್ಲಿಷ್ ಪಾದ್ರಿ ನ್ಯೂಮನ್ ಬರೆದ ಪ್ರಾರ್ಥನಾಗೀತೆಯನ್ನು ಕನ್ನಡಿಸಿದರು. ನ್ಯೂಮನ್ನರನ್ನು 2019ರಲ್ಲಿ ಕಥೋಲಿಕ ಸಭೆ ಸಂತರೆಂದು ಸಾರಿತು. ಆದರೆ ಅದಕ್ಕೂ ಮುಂಚೆಯೇ ಆ ಹಾಡನ್ನು ಯಾರದೆಂದು ಕೇಳದೆ ಕನ್ನಡ ಶಾಲೆಗಳ ಮಕ್ಕಳು ಬೆಳಗಿನ ಪ್ರಾರ್ಥನೆಯಲ್ಲಿ ಹಾಡುತ್ತಿದ್ದರು. ಯಾರೂ ಹೇರದೆ ಒಪ್ಪಿದ್ದು ಹೀಗೆ ಉಳಿಯುತ್ತದೆ.

ನಮ್ಮ ಸಭೆಗಳಲ್ಲಿ ದೈವಕರೆಯ ಭಾನುವಾರ ಎಂದರೆ ಗುರುಮಠಕ್ಕೆ, ಕಾನ್ವೆಂಟಿಗೆ ಮಕ್ಕಳನ್ನು ಕಳಿಸಿ ಎಂಬ ಕೇಳಿಕೆ. ಡಿ.ಇಡಿ., ಬಿ.ಇಡಿ. ಮುಗಿಸಿ ಸರ್ಕಾರಿ ನೇಮಕಾತಿಯಲ್ಲಿ ಒಳಹಳ್ಳಿಗೆ ಹೋದ ಹುಡುಗಿಗೆ ಕೆಲಸ ಸಿಕ್ಕಿತೆಂದು ಸಿಹಿ ಹಂಚುತ್ತೇವೆ. ಅವಳ ತಲೆಯ ಮೇಲೆ ಕೈಯಿಟ್ಟು ಕಳಿಸಿಕೊಡುವುದಿಲ್ಲ. ಅವಳು ಎರಡು ವರ್ಷದಲ್ಲಿ ಮಂಡ್ಯಕ್ಕೋ ಮೈಸೂರಿಗೋ ವರ್ಗ ಮಾಡಿಸಿಕೊಳ್ಳಲು ಓಡಾಡಿದರೆ ನಾವೇ ಶಿಫಾರಸು ಹಿಡಿದು ಹೋಗುತ್ತೇವೆ. ಇದನ್ನು ಬದಲಿಸುವುದು ಕಷ್ಟವಲ್ಲ. ಸಭೆಯ ಫಾದರುಗಳಲ್ಲಿ, ಪಾಸ್ಟರುಗಳಲ್ಲಿ ನನ್ನ ಕೇಳಿಕೆ ಇಷ್ಟೇ: ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ವಾರ, ನಿಮ್ಮ ಸಭೆಯ ಸರ್ಕಾರಿ ಶಾಲಾ ಮೇಷ್ಟ್ರನ್ನೂ ಮೇಡಂಗಳನ್ನೂ ಅತಿಥಿ ಶಿಕ್ಷಕರನ್ನೂ ಪೀಠದ ಮುಂದೆ ಕರೆಯಿರಿ. ಅವರ ಶಾಲೆಗಳ ಊರಿನ ಹೆಸರು ಹೇಳಿ ಪ್ರಾರ್ಥಿಸಿ ಕಳಿಸಿ. ನಿಮ್ಮ ಆಡಳಿತದ ಶಾಲೆಗಳಲ್ಲಿ ದುಡಿಯುವವರಿಗೆ ನ್ಯಾಯವಾದ ಸಂಬಳ ಕೊಡಿ. ಓದು ಮುಗಿಸಿ ಕೆಲಸ ಹುಡುಕುತ್ತಿ­ರುವ ಕ್ರೈಸ್ತ ಯುವಕ ಯುವತಿಯರೇ, ಹೊಣಕೆರೆಯಂಥ ಹೋಬಳಿಯ ಪಟ್ಟಿ ಕೈಗೆ ಬಂದಾಗ ಅದನ್ನು ಪಕ್ಕಕ್ಕೆ ಸರಿಸಬೇಡಿ, ಹೋಗಿ.